ನೀರು ಬೆರೆಸುವ ವಿದ್ಯೆ

ನನಗೆ ಬ್ಲೀಚಿಂಗ್ ಪೌಡರಿನ ವಾಸನೆ ಇಷ್ಟ. ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಮಾತಲ್ಲ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ. ಮಲ್ಲಿಗೆ, ಹೊಸ ಪುಸ್ತಕ, ಹುರಿದ ಕಾಫಿಬೀಜ, ಮೊದಲ ಮಳೆಗೆ ನೆನೆದ ನೆಲ ಹೀಗೆ ಮರ್ಯಾದಸ್ಥರು ಇಷ್ಟಪಡಬೇಕಾದ ವಾಸನೆಗಳು ಮೊದಲೇ ನಿಗದಿಯಾಗಿವೆ. ಯಾರಾದರೂ ಕೇಳಿದರೆ ನಾನೂ ಅದರಲ್ಲೊಂದನ್ನು ಹೇಳಿ ಪಾರಾಗುತ್ತೇನೆ. ಆದರೆ ಆಸ್ಪತ್ರೆಯ ಪಡಸಾಲೆಯಲ್ಲೋ, ಆಗಷ್ಟೇ ತೊಳೆದ ಬಸ್ ನಿಲ್ದಾಣದಲ್ಲೋ ಆ ಚುರುಕು ವಾಸನೆ ಬಂತೆಂದರೆ ಸುತ್ತಲಿನವರು ಸೆರಗನ್ನು, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಳ್ಳುತ್ತಾರೆ. ನಾನು ಕಣ್ಣು ಅರೆಮುಚ್ಚಿ ನಿಂತುಬಿಡುತ್ತೇನೆ. ನಮ್ಮವರು ಮೊಳಕೈಯಿಂದ ತಿವಿದು, "ನಡಿಯೇ, ಎಲ್ರೂ ನೋಡ್ತಾವ್ರೆ" ಅನ್ನುವವರೆಗೂ ನಾನು ಅಲ್ಲಿರುವುದಿಲ್ಲ.

ಎಲ್ಲಿರುತ್ತೇನೆ ಅಂದರೆ, ಶೀಳನೆರೆ ಹೋಬಳಿಯ ಒಂದು ಹಳ್ಳಿಯ ಹಿತ್ತಿಲಿನಲ್ಲಿ. ತೊಂಬತ್ತರ ದಶಕದ ಒಂದು ಮಳೆಗಾಲ. ನುಗ್ಗೆಮರದ ಕೆಳಗೆ ಒಂದು ಬಕೆಟ್ಟು, ಬಕೆಟ್ಟಿನ ಪಕ್ಕ ಒಂದು ಮಣೆ, ಮಣೆಯ ಮೇಲೆ ನಾನು. ಬಕೆಟ್ಟಿನೊಳಗೆ ಸುಣ್ಣದ ಬಣ್ಣದ ನೀರು. ಅದು ತಿಳಿಯಾಗುವುದನ್ನು ಕಾಯುವುದು ನನ್ನ ಕೆಲಸ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರದ ಸೊಸೆಗೆ, ಯಾರೂ ಏನೂ ಅನ್ನದೆ ಸುಮ್ಮನೆ ಕೂರಲು ಸಿಕ್ಕ ಏಕೈಕ ಕೆಲಸ ಅದು. ಬಹುಶಃ ಆ ವಾಸನೆಯನ್ನು ನಾನು ಇಷ್ಟಪಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನನ್ನ ತವರು ಶ್ರೀರಂಗಪಟ್ಟಣ. ಎಡಕ್ಕೆ ಹೋದರೂ ಹೊಳೆ, ಬಲಕ್ಕೆ ಹೋದರೂ ಹೊಳೆ. ಹೀಗೆ ಸುತ್ತಲೂ ನೀರಿರುವ ಊರಿನವರಿಗೆ ಎಲ್ಲದಕ್ಕೂ ಒಂದಿಷ್ಟು ನೀರು ಸೇರಿಸುವುದು ಹುಟ್ಟಿನಿಂದಲೇ ಬಂದ ಬುದ್ಧಿ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ನಮ್ಮಮ್ಮ ಸಾರಿನ ಪಾತ್ರೆಯತ್ತ ಒಮ್ಮೆ, ಬಾಗಿಲಿನತ್ತ ಒಮ್ಮೆ ನೋಡಿ, ತಲೆಯೆಣಿಕೆಗೆ ತಕ್ಕಂತೆ ಚೆಂಬು ಎತ್ತುತ್ತಿದ್ದರು. ನಾಲ್ಕು ಜನರ ಸಾರು ಹತ್ತು ಜನರ ಸಾರಾದರೂ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ನಾವು ಮೋಸವೆಂದು ತಿಳಿದಿರಲಿಲ್ಲ, ಉಪಚಾರವೆಂದೇ ತಿಳಿದಿದ್ದೆವು. ಕಾಫಿಗೆ ಹಾಲು ಕಾಯಿಸುವಾಗಲೂ ಅಷ್ಟೆ, ಹಾಲು ಅರ್ಧ, ನೀರು ಅರ್ಧ. ಬರೀ ಹಾಲಿನ ಕಾಫಿ ಕುಡಿದರೆ ಹೊಟ್ಟೆ ಭಾರವಾಗುತ್ತದೆ ಅಂತ ನಮ್ಮ ಮನೆಯಲ್ಲಿ ಒಂದು ವೈದ್ಯಶಾಸ್ತ್ರವೇ ಇತ್ತು.

ಇಂಥ ವೈದ್ಯಶಾಸ್ತ್ರ ಕಲಿತ ನಾನು, ಸಾಲದ್ದಕ್ಕೆ ಮೈಸೂರಿನಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ.ಯನ್ನೂ ಮುಗಿಸಿ, ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋಗಿ ಸೇರಿದೆ. ಅದು ಹಸು ಕಟ್ಟಿದ ಮನೆ. ಮೂರು ಸೀಮೆಹಸು, ಒಂದು ನಾಟಿ. ನಾಲ್ಕಕ್ಕೂ ಯಜಮಾನಿ ನಮ್ಮತ್ತೆ ಚಿಕ್ಕತಾಯಮ್ಮ. ಮನೆಗೂ ಅವರೇ ಯಜಮಾನಿ, ಆದರೆ ಆ ಮಾತನ್ನು ಜಗುಲಿಯ ಮೇಲೆ ಕೂತ ನಮ್ಮ ಮಾವನ ಮರ್ಯಾದೆಗಾಗಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೋಗಿ ಸೇರಿದ ವಾರದಲ್ಲೇ ನಾನು ನಮ್ಮಮ್ಮನ ಲೆಕ್ಕದಲ್ಲಿ ಕಾಫಿ ಮಾಡಿ ಅತ್ತೆಗೆ ಕೊಟ್ಟೆ. ಅವರು ಒಂದು ಗುಟುಕು ಕುಡಿದರು. ಲೋಟದೊಳಗೆ ಇಣುಕಿದರು. ಬೈಯಲಿಲ್ಲ, ಮುಖ ಕಿವುಚಲಿಲ್ಲ, ಬಹಳ ಮೆತ್ತಗೆ, ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು: "ನಮ್ಮನೇಲಿ ಹಸ ಸತ್ತೋಗಿಲ್ಲ ಕಣವ್ವ."

ಆಗ ಗೊತ್ತಾಯಿತು, ನಾನು ಬಂದಿರುವುದು ಬೇರೆಯೇ ದೇಶಕ್ಕೆ ಅಂತ. ಆ ಮನೆಯಲ್ಲಿ ಮಜ್ಜಿಗೆಯೆಂದರೆ ಲೋಟ ಓರೆ ಮಾಡಿದರೂ ಯೋಚಿಸಿ ಬೀಳುವಂಥದ್ದು. ಸಾರೆಂದರೆ ಮುದ್ದೆಯನ್ನು ಬಿಟ್ಟು ಓಡಿಹೋಗದಂಥದ್ದು. ನೀರಾಗಿ ಬಡಿಸಿದರೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದಂತೆ. ಇನ್ನು ಹಾಲಿನ ವಿಷಯವಂತೂ ಕೇಳಬೇಡಿ. ಊರಿನ ಡೈರಿಯಲ್ಲಿ ಕಾರ್ಯದರ್ಶಿ ಜವರಣ್ಣ ಎಲ್ಲರ ಹಾಲಿಗೂ, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವ ಗಾಜಿನ ಕಡ್ಡಿಯನ್ನು ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ನಮ್ಮತ್ತೆಯ ಕ್ಯಾನಿಗೆ ಮಾತ್ರ ಶಾಸ್ತ್ರಕ್ಕೆ ಒಮ್ಮೆ ಮುಳುಗಿಸಿ ತೆಗೆಯುತ್ತಿದ್ದ, ಕಡ್ಡಿಯತ್ತ ನೋಡುತ್ತಲೇ ಇರಲಿಲ್ಲ. ಇಷ್ಟು ವರ್ಷ ಹಾಲು ಹಾಕಿದ್ದರಲ್ಲಿ ಒಂದು ದಿನವೂ ಅವರ ಹಾಲು ವಾಪಸು ಬಂದದ್ದಿಲ್ಲ. ಅತ್ತೆಗೆ ಚಿನ್ನ ಅಷ್ಟೇನೂ ಇರಲಿಲ್ಲ. ಇದ್ದದ್ದು ಈ ಹೆಸರು. ಕತ್ತಿನ ಸರಕ್ಕಿಂತ ಅದನ್ನೇ ಅವರು ಹೆಚ್ಚು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ಹೆಸರನ್ನು ಕಾಪಾಡಲು ಅವರದೊಂದು ಪದ್ಧತಿಯಿತ್ತು. ಹಾಲು ಕರೆಯುವ ಪಾತ್ರೆಯನ್ನು ತೊಳೆದು ಬೋರಲು ಹಾಕಿದ ಮೇಲೆ ಅದಕ್ಕೆ ಮತ್ತೆ ನೀರು ಮುಟ್ಟಿಸುವಂತಿಲ್ಲ. ಕರೆಯಲು ಕೂರುವ ಮುಂಚೆ ಒಳಗನ್ನು ಬಟ್ಟೆಯಿಂದ ಒರೆಸುವುದು. ಒರೆಸಿದ ಪಾತ್ರೆಯನ್ನು ಹತ್ತಿರದಲ್ಲಿ ಯಾರಿದ್ದಾರೋ ಅವರತ್ತ ಓರೆ ಮಾಡಿ ತೋರಿಸುವುದು. "ನೋಡ್ಕಂಡ್ಯಾ?" "ಹೂಂ." ಆಮೇಲೆಯೇ ಕೆಚ್ಚಲಿಗೆ ಕೈ. ಅವರ ಅತ್ತೆ ಕಲಿಸಿದ ಕ್ರಮವಂತೆ. ಯಾರೂ ಇಲ್ಲದಿದ್ದರೆ ಹಸುವಿಗೇ ತೋರಿಸುತ್ತಿದ್ದರು. ನಾನು ಬಂದ ಮೇಲೆ ಹಸುವಿಗೆ ಆ ಕೆಲಸ ತಪ್ಪಿ ನನಗೆ ಬಂತು. ದಿನಕ್ಕೆರಡು ಸಲ ಖಾಲಿ ಪಾತ್ರೆಯೊಳಗೆ ಇಣುಕಿ, ಅಲ್ಲಿ ಏನೂ ಇಲ್ಲವೆಂದು ಸಾಕ್ಷಿ ಹೇಳುವುದು ನನ್ನ ಉದ್ಯೋಗ. ಡಿಗ್ರಿ ಮಾಡಿದ್ದಕ್ಕೂ ಸಾರ್ಥಕವಾಯಿತು ಅಂತ ನಮ್ಮವರು ನಗುತ್ತಿದ್ದರು.

ಆ ಮಳೆಗಾಲದಲ್ಲಿ ಪಕ್ಕದ ಊರಿನಲ್ಲಿ ವಾಂತಿಭೇದಿ ಶುರುವಾಯಿತು. ನಮ್ಮೂರಿಗೆ ಬರುವ ಮುಂಚೆಯೇ ಎಚ್ಚರಿಕೆಯಿರಲಿ ಎಂದು ನರ್ಸಮ್ಮನೊಬ್ಬರು ಕೊಡೆ ಹಿಡಿದು ಮನೆಮನೆಗೆ ಬಂದರು. ಕುಡಿಯುವ ನೀರನ್ನು ಕುದಿಸಿ ಆರಿಸಿ ಅಂದರು. ಎಲ್ಲರಿಗೂ ಒಂದೊಂದು ಪೊಟ್ಟಣ ಬ್ಲೀಚಿಂಗ್ ಪೌಡರ್ ಕೊಟ್ಟು, ನಮ್ಮ ಜಗುಲಿಯ ಮೇಲೆ ಕೂತು ಅದರ ವಿಧಾನ ಹೇಳಿದರು. ಪಾತ್ರೆ ತೊಳೆಯಲಾದರೆ ಒಂದು ಬಕೆಟ್ ನೀರಿಗೆ ಒಂದು ಚಮಚ ಪುಡಿ. ಕಲಕಿ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಅದರಲ್ಲಿ ಪಾತ್ರೆಯನ್ನು ಒಂದು ಗಳಿಗೆ ನೆನೆಸಿ, ಆಮೇಲೆ ಒಳ್ಳೆಯ ನೀರಿನಲ್ಲಿ ಜಾಲಿಸಬೇಕು. ದಿನದಿನವೂ ಹೊಸದಾಗಿ ಕಲಸಿಕೊಳ್ಳಬೇಕು, ಇಟ್ಟರೆ ಸತ್ವ ಹೋಗುತ್ತದೆ. ಕೊಟ್ಟಿಗೆಯಲ್ಲಿ ಸಗಣಿ ಗಂಜಲವನ್ನೆಲ್ಲ ಬರೀ ನೀರಿನಲ್ಲಿ ತೊಳೆದ ಮೇಲೆಯೇ ಇದನ್ನು ಹಾಕಬೇಕು, ಗಂಜಲದ ಜೊತೆ ಬೆರೆತರೆ ಕೆಟ್ಟ ಹೊಗೆ ಏಳುತ್ತದೆ. ಅತ್ತೆ ಎಲ್ಲಕ್ಕೂ ತಲೆಯಾಡಿಸಿ, ನರ್ಸಮ್ಮನಿಗೆ ಆ ಯೋಚಿಸಿ ಬೀಳುವ ಮಜ್ಜಿಗೆ ಕೊಟ್ಟು, "ನಮ್ಮ ಸೊಸೆ ಓದವ್ಳೆ, ಎಲ್ಲ ಅವ್ಳೇ ಮಾಡ್ತಳೆ" ಅಂದರು. ಹಾಗೆ ನನ್ನ ನೇಮಕವಾಯಿತು.

ನಾನು ಬಹಳ ಗಂಭೀರವಾಗಿ ಕೆಲಸಕ್ಕೆ ಕೂತೆ. ಮೊದಲು ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಬಕೆಟ್ಟಿಗೆ ಸುರಿದು, ಕೋಲಿನಲ್ಲಿ ತಿರುಗಿಸಿ, ನುಗ್ಗೆಮರದ ನೆರಳಿಗೆ ಎಳೆದು, ಮಣೆ ಹಾಕಿಕೊಂಡೆ. ಆ ಕಾಯುವಿಕೆಯನ್ನು ಹೇಗೆ ಹೇಳಲಿ? ಮೊದಲು ಬಕೆಟ್ಟಿನ ತುಂಬ ಬಿಳಿ ಮೋಡ. ಮೋಡ ಇದ್ದಲ್ಲೇ ಇದ್ದಂತೆ ಕಾಣುತ್ತದೆ. ನೀವು ದೂರದಲ್ಲಿ ಹೋಗುವ ಬಸ್ಸಿನ ಸದ್ದಿಗೆ ಕಿವಿ ಕೊಟ್ಟು, ನಾಲೆಯಾಚೆ ಯಾರೋ ದನ ಕೂಗುವುದನ್ನು ಕೇಳಿ, ಇದ್ದಕ್ಕಿದ್ದಂತೆ ತವರಿನ ಹೊಳೆಯ ಸೋಪಾನಕ್ಕೆ ಹೋಗಿ ಪಾದ ನೆನೆಸಿ ಬರುವಷ್ಟರಲ್ಲಿ ಅದು ಒಂದು ಗೇಣು ಇಳಿದಿರುತ್ತದೆ. ಮೇಲೆ ನೀರು, ನೀರಿನೊಳಗೆ ನುಗ್ಗೆಯ ಎಲೆಗಳು, ಎಲೆಗಳಾಚೆ ನಿಜವಾದ ಮೋಡ. ಅದೂ ಇಳಿಯುತ್ತಿದೆಯೇನೋ ಅನ್ನಿಸುವಷ್ಟು ನಿಧಾನ. ನಾನು ಎಷ್ಟೋ ಸಲ ನಿದ್ದೆ ಮಾಡಿದೆನೋ ಎಚ್ಚರವಿದ್ದೆನೋ ನನಗೇ ತಿಳಿಯುತ್ತಿರಲಿಲ್ಲ. ಎಚ್ಚರಕ್ಕೆ ಒಂದಿಷ್ಟು ನೀರು ಸೇರಿಸಿದರೆ ಆಗುವುದೇ ಕನಸು ಅಂತ ಆ ಮಣೆಯ ಮೇಲೆ ನನಗೊಂದು ಸಿದ್ಧಾಂತವೂ ಹೊಳೆದಿತ್ತು.

ಆ ಪುಡಿ ಬರುವ ಮುಂಚೆ ಜಗತ್ತು ಏನು ಮಾಡುತ್ತಿತ್ತು ಅಂತ ಯೋಚಿಸುತ್ತಿದ್ದೆ. ನಮ್ಮಜ್ಜಿ ಹೇಳುತ್ತಿದ್ದರು, ಅವರ ಕಾಲದಲ್ಲಿ ಮಡಿವಾಳರು ಬಟ್ಟೆಯನ್ನು ಚೌಳುಮಣ್ಣಿನಲ್ಲಿ ನೆನೆಸಿ, ಕುದಿಸಿ, ಒಗೆದು, ಹೊಳೆಯ ಬಂಡೆಗಳ ಮೇಲೆ ಹರಡುತ್ತಿದ್ದರಂತೆ. ಒಣಗಿದಂತೆಲ್ಲ ನೀರು ಚಿಮುಕಿಸುವುದು, ಮತ್ತೆ ಬಿಸಿಲಿಗೆ ಬಿಡುವುದು. ಬಿಳುಪು ಬರುವುದು ಅಷ್ಟು ನಿಧಾನ, ಅಷ್ಟು ಸೌಮ್ಯ. ಆಮೇಲೆ ಯಾರೋ ಕ್ಲೋರಿನ್ ಎಂಬ ಅನಿಲವನ್ನು ಕಂಡುಹಿಡಿದರು. ಅದರ ತಿಳಿಹಸಿರು ಬಣ್ಣ ನೋಡಿ ಗ್ರೀಕ್ ಮಾತಿನಲ್ಲಿ ಆ ಬಣ್ಣದ ಹೆಸರನ್ನೇ ಅದಕ್ಕಿಟ್ಟರು. ಅದನ್ನು ಸುಣ್ಣಕ್ಕೆ ಕುಡಿಸಿದರೆ ಬ್ಲೀಚಿಂಗ್ ಪೌಡರ್. ಬಿಸಿಲಿಗೆ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಇದು ಗಳಿಗೆಯಲ್ಲಿ ಮಾಡುತ್ತದೆ, ಹಾಗೇ ಬಿಟ್ಟರೆ ಬಟ್ಟೆಯನ್ನೂ ತಿನ್ನುತ್ತದೆ. ಇಷ್ಟು ಆತುರದ ವಸ್ತುವಿಗೆ ನೀರು ಸೇರಿಸುವುದೆಂದರೆ, ಸ್ವಲ್ಪ ಕೂತುಕೋ ಅಂತ ಹೇಳಿದಂತೆ. ಇಂಥ ಪ್ರಬಂಧಗಳನ್ನು ಬರೆಯುವ ನಮ್ಮಂಥವರು ಮಾಡುವುದೂ ಅದನ್ನೇ: ಒಂದು ಚಮಚ ವಿಷಯ, ಒಂದು ಬಕೆಟ್ ನೀರು. ತಿಳಿಯಾದರೆ ನಮ್ಮ ಪುಣ್ಯ.

ಆದರೆ ನಮ್ಮತ್ತೆಗೆ ಬಕೆಟ್ಟಿನ ಆ ತಿಳಿ ಕಂಡರೆ ಸಂಕಟ. ಬಗ್ಗಿ ನೋಡಿದರು. ಬೆರಳಿನಲ್ಲಿ ಮುಟ್ಟಿದರು. ಮೂಸಿದರು. ಆಮೇಲೆ ನನ್ನ ಮುಖ ನೋಡಿದರು. ಪಟ್ಟಣದ ಕೈಗುಣ ಎಲ್ಲಿ ಹೋದರೂ ಬಿಡುವುದಿಲ್ಲವಲ್ಲ ಎಂಬ ಮರುಕ ಆ ನೋಟದಲ್ಲಿತ್ತು.

"ಇದೇನವ್ವ, ಬರೀ ನೀರಂಗದೆ. ಇದ್ಕೆ ಯಾವ ಹುಳ ಸತ್ತದು?"

ನಾನು ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಬೇಕಾದಷ್ಟಿದ್ದರೆ ಸಾಕು, ಹೆಚ್ಚಾದರೆ ಹುಳ ಎರಡು ಸಲ ಸಾಯುವುದಿಲ್ಲ, ನಮ್ಮ ಕೈಯೇ ಸುಡುತ್ತದೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಪ್ರೀತಿಯಿಂದ ನನ್ನ ಕೆನ್ನೆ ಸವರಿ, ನಾನು ಒಳಗೆ ಹೋದ ಮೇಲೆ ಬಕೆಟ್ಟಿಗೆ ಪೊಟ್ಟಣದಿಂದ ಒಂದು ಬೊಗಸೆ ಸುರಿದರು. ಅದರಲ್ಲಿ ಕಪಟವೇನೂ ಇರಲಿಲ್ಲ. ಮನೆಗೆ ಬಂದ ನೆಂಟರಿಗೆ ಗಟ್ಟಿ ಮಜ್ಜಿಗೆ ಕೊಡುವ ಕೈ, ಬಾರದಿರಲಿ ಎಂದು ಬಾಗಿಲು ಕಾಯಬೇಕಾದ ರೋಗಕ್ಕೂ ಗಟ್ಟಿಯಾಗಿಯೇ ಕೊಟ್ಟಿತು, ಅಷ್ಟೆ. ನೀರು ಬೆರೆಸಿದ್ದು ಯಾವುದಾದರೂ ಅವರ ಲೆಕ್ಕದಲ್ಲಿ ಕಳಪೆ. ನಾನು ಬೇಡವೆಂದಷ್ಟೂ ಅವರು ಅದನ್ನು ನನ್ನ ಜಿಪುಣತನ ಅಂದುಕೊಂಡರು.

ಮೊದಲು ನೆಲ ತೊಳೆದರು. ಆಮೇಲೆ ಕೊಟ್ಟಿಗೆ. ಗಂಜಲ ಪೂರ್ತಿ ಹೋಗುವ ಮುಂಚೆಯೇ ಸುರಿದದ್ದರಿಂದ ಅತ್ತೆಯೂ ನಾನೂ ನಾಟಿಹಸುವೂ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡಿ ಬಂದೆವು. ಹಸುವಿನ ಕಣ್ಣೊರೆಸಿದ್ದೂ ಅತ್ತೆಯೇ. ಅವರ ಕಡುಹಸಿರು ಸೀರೆಯ ಮೇಲೆ ಹನಿ ಬಿದ್ದಲ್ಲೆಲ್ಲ ಬಣ್ಣ ಹೋಗಿ ಬಿಳಿ ಚುಕ್ಕೆಗಳಾದವು. ದಡಿಯ ಹತ್ತಿರ ದಟ್ಟವಾಗಿ, ಮೇಲೆ ಹೋದಂತೆ ವಿರಳವಾಗಿ. ಹಿತ್ತಿಲಲ್ಲಿ ಅವರು ಬಾವಿಯತ್ತ ನಡೆದು ಹೋಗುವಾಗ, ತಾನು ನಕ್ಷತ್ರ ಹೊದ್ದಿದ್ದೇನೆಂದು ಗೊತ್ತೇ ಇಲ್ಲದ ಒಂದು ರಾತ್ರಿ ನೀರು ಸೇದಲು ಹೊರಟಂತೆ ಕಾಣುತ್ತಿತ್ತು. ಪಕ್ಕದ ಮನೆಯ ಸಾಕಮ್ಮ ಇದು ಯಾವ ಅಂಗಡಿಯ ಸೀರೆ ಅಂತ ಕೇಳಿದಳಂತೆ, ಅತ್ತೆ ಕೆ.ಆರ್. ಪೇಟೆಯದು ಅಂದುಬಿಟ್ಟರಂತೆ. ಅವರ ಬೆರಳ ತುದಿಗಳೂ ಬೆಳ್ಳಗಾಗಿ ಸಿಪ್ಪೆ ಏಳತೊಡಗಿದವು. ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ, ಮಳೆಗಾಲದಲ್ಲಿ ನೀರಿನಲ್ಲಿ ಕೈಯಿಟ್ಟವರಿಗೆಲ್ಲ ಹೀಗೇ ಅಂತ ಕೈ ಎಳೆದುಕೊಂಡರು.

ಆಮೇಲೆ ಹಾಲಿನ ಪಾತ್ರೆಯ ಸರದಿ ಬಂತು. ಅತ್ತೆ ಅದನ್ನು ಆ ಗಟ್ಟಿ ನೀರಿನಲ್ಲಿ ಚೆನ್ನಾಗಿ ತಿಕ್ಕಿ ಬೋರಲು ಹಾಕಿದರು. ಒಳ್ಳೆಯ ನೀರಿನಲ್ಲಿ ಜಾಲಿಸಬೇಕು ಎಂಬ ಮಾತು ಮಾತ್ರ ಅವರಿಗೆ ಒಗ್ಗಲಿಲ್ಲ. ಔಷಧಿಯ ಮೇಲೆ ನೀರು ಹಾಕಿದರೆ ಔಷಧಿ ಹಾಕಿ ಫಲವೇನು? ಮೇಲಾಗಿ ತೊಳೆದಿಟ್ಟ ಪಾತ್ರೆಗೆ ಮತ್ತೆ ನೀರು ತೋರಿಸುವುದು ಆ ಮನೆಯಲ್ಲಿ ಆಗದ ಮಾತು. ಒರೆಸುವ ಬಟ್ಟೆಯನ್ನೂ ಅದೇ ಬಕೆಟ್ಟಿನಲ್ಲಿ ಅದ್ದಿ ಹಿಂಡಿದ್ದರು. ಬೆಳಿಗ್ಗೆ ಎಂದಿನಂತೆ ಒರೆಸಿ, ನನ್ನತ್ತ ಓರೆ ಮಾಡಿ ತೋರಿಸಿದರು. ಪಾತ್ರೆಯಲ್ಲಿ ನೀರಿನ ಹನಿಯೂ ಇರಲಿಲ್ಲ. ಘಾಟು ಬಂತು, ಇನ್ನೊಮ್ಮೆ ತೊಳೆಯೋಣ ಅತ್ತೆ ಅಂದೆ. ಅವರಾಗಲೇ ಹಸುವಿನ ಪಕ್ಕ ಕೂತಿದ್ದರು.

ಡೈರಿಯಿಂದ ಅತ್ತೆ ಬರುವ ಸದ್ದು ನನಗೆ ಗೊತ್ತಿತ್ತು. ಖಾಲಿ ಕ್ಯಾನಿನ ಹಿಡಿ ಕಿಣಿಕಿಣಿ ಅನ್ನುತ್ತ ಬೀದಿ ತಿರುವಿನಲ್ಲೇ ಕೇಳಿಸುತ್ತಿತ್ತು. ಆ ದಿನ ಸದ್ದಿಲ್ಲದೆ ಬಂದರು. ಕ್ಯಾನು ತುಂಬಿತ್ತು. ನೇರ ಹಿತ್ತಿಲಿಗೆ ಹೋಗಿ ತೆಂಗಿನ ಬುಡದಲ್ಲಿ ಕೂತರು. ನಾನು ಹಿಂದೆಯೇ ಹೋದೆ. ಜವರಣ್ಣ ಮುಚ್ಚಳ ತೆಗೆದವನು ಮುಖ ಹಿಂದಕ್ಕೆ ಎಳೆದುಕೊಂಡನಂತೆ. ಇನ್ನೊಮ್ಮೆ ಮೂಸಿ ನೋಡಿ, ತಲೆ ತಗ್ಗಿಸಿ, "ತಪ್ಪು ತಿಳ್ಕಬ್ಯಾಡ ಚಿಕ್ಕತಾಯಕ್ಕ, ಔಸ್ದಿ ವಾಸ್ನೆ ಒಡೀತಾ ಅದೆ. ಇದ್ನ ಉಯ್ದ್ರೆ ಊರ ಹಾಲೆಲ್ಲ ಕೆಟ್ಟೋಯ್ತದೆ" ಅಂದನಂತೆ. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರಂತೆ. ಇಷ್ಟು ಹೇಳಿ ಅತ್ತೆ ಕ್ಯಾನನ್ನು ಬಗ್ಗಿಸಿದರು. ಕರುವಿಗೂ ಕುಡಿಸುವ ಹಾಗಿರಲಿಲ್ಲ. ಹಾಲು ನೆಲಕ್ಕೆ ಹೋಗುವುದನ್ನು ನೋಡಲಾರದೆ ಅವರು ಮುಖ ಬೇಲಿಯತ್ತ ತಿರುಗಿಸಿಕೊಂಡರು. ನನಗೂ ಅಳು ಬಂತು.

ಮಧ್ಯಾಹ್ನದೊಳಗೆ ಸುದ್ದಿ ಊರು ಸುತ್ತಿ ನಮ್ಮ ಮನೆಗೇ ವಾಪಸು ಬಂತು. ಬಂದಾಗ ಅದಕ್ಕೆ ಬೇರೆ ಬಣ್ಣ ಬಂದಿತ್ತು. ಚಿಕ್ಕತಾಯಕ್ಕನ ಕೈಯಲ್ಲಿ ಹಾಗಾಗುವುದುಂಟೇ, ಪಟ್ಟಣದ ಸೊಸೆಯೇ ಹಾಲಿಗೆ ಏನೋ ಬೆರೆಸಿದ್ದಾಳಂತೆ ಅಂತ. ಸಾಕಮ್ಮ ಬೇಲಿಯಾಚೆ ನಿಂತು ಯಾರಿಗೋ ಹೇಳುತ್ತಿದ್ದದ್ದು ಅತ್ತೆಗೂ ಕೇಳಿಸಿತು, ನನಗೂ ಕೇಳಿಸಿತು. ನಾವಿಬ್ಬರೂ ಕೇಳಿಸದವರಂತೆ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದೆವು.

ನನಗೆ ಆಗ ಒಂದು ಉಪಾಯ ಹೊಳೆಯಿತು. ಹಾಗೇ ಇರಲಿ ಬಿಡಿ ಅತ್ತೆ, ನನ್ನದೇ ತಪ್ಪು ಅಂದುಕೊಳ್ಳಲಿ ಅಂದೆ. ನಾನು ಹೊಸಬಳು, ಪಟ್ಟಣದವಳು, ನನ್ನಿಂದ ಊರು ಇದಕ್ಕಿಂತ ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ನಿಮ್ಮ ಹೆಸರು ಉಳಿಯುತ್ತದೆ ಅಂದೆ. ಅತ್ತೆ ಇನ್ನೊಂದು ಕಾಯಿ ಬಿಡಿಸಿದರು. ಅದು ಬೇಡವಾದರೆ ಪೊಟ್ಟಣದ ಪುಡಿಯೇ ಸರಿಯಿರಲಿಲ್ಲ ಅನ್ನೋಣ. ಅಥವಾ ಕ್ಯಾನಿನ ಮುಚ್ಚಳ ಹಳೆಯದಾಗಿ ವಾಸನೆ ಹಿಡಿದಿತ್ತು ಅನ್ನೋಣ. ಒಂದೊಂದಾಗಿ ಹೇಳುತ್ತ ಹೋದೆ. ಎಲ್ಲದರಲ್ಲೂ ಒಂದು ಚಮಚದಷ್ಟು ನಿಜವಿತ್ತು, ಮಿಕ್ಕದ್ದು ಹೊಳೆಯ ನೀರು. ಅತ್ತೆ ಅಲಸಂದೆಕಾಯಿಯ ಮೇಲಿನ ಕಣ್ಣು ಎತ್ತಲಿಲ್ಲ. ಸಂಜೆ ಹಾಲು ಕರೆಯುವ ಹೊತ್ತಿಗೆ ಮಾತ್ರ ಪಾತ್ರೆಯನ್ನು ತಂದು ನನ್ನ ಮುಂದಿಟ್ಟು, "ಉಯ್ಯವ್ವ" ಅಂದರು. ನಾನು ಕುದಿಸಿ ಆರಿಸಿದ ನೀರು ಹೊಯ್ದೆ, ಅವರು ತಿಕ್ಕಿದರು. ವಾಸನೆ ಹೋಗುವವರೆಗೂ ಹೊಯ್ಯಿಸಿಕೊಂಡರು. ನೀರು ಬೀಳುವಾಗ ಅವರ ಮುಖ, ನೋವಾಗುತ್ತಿದ್ದರೂ ತಲೆ ಬಾಚಿಸಿಕೊಳ್ಳುವ ಮಗುವಿನ ಮುಖದಂತಿತ್ತು. ಆ ಹೊತ್ತಿನ ಹಾಲನ್ನು ಡೈರಿಗೆ ಒಯ್ಯಲು ಧೈರ್ಯ ಬರಲಿಲ್ಲ, ಅಷ್ಟಕ್ಕೂ ಹೆಪ್ಪು ಹಾಕಿದರು.

ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೊರಟೆ. ಮಳೆ ನಿಂತು ಮಂಜು ಕವಿದಿತ್ತು. ನಾಲೆಯ ಏರಿ, ತೆಂಗಿನ ಸಾಲು, ದೇವಸ್ಥಾನದ ಗೋಡೆ ಎಲ್ಲವನ್ನೂ ಯಾರೋ ದೊಡ್ಡ ಪಾತ್ರೆಯಲ್ಲಿ ಕಲಸಿ, ಇನ್ನೂ ತಿಳಿಯಾಗಲು ಬಿಟ್ಟಂತಿತ್ತು. ಅತ್ತೆ ಮುಂದೆ, ನಾನು ಹಿಂದೆ. ಅವರ ಸೀರೆಯ ಚುಕ್ಕೆಗಳಷ್ಟೇ ಕಾಣುತ್ತಿದ್ದವು. ಈ ದಾರಿ ಹೀಗೇ ಮುಗಿಯದೆ ಇದ್ದರೆ ಚೆನ್ನ, ಡೈರಿ ಬಾರದೇ ಇದ್ದರೆ ಚೆನ್ನ ಅನ್ನಿಸುತ್ತಿತ್ತು. ಆದರೆ ಡೈರಿಯ ದೀಪ ಮಂಜಿನಲ್ಲಿ ಕಾಣಿಸಿತು, ಅದರ ಕೆಳಗೆ ಸಾಲೂ ಕಾಣಿಸಿತು. ನಾವು ಹೋಗಿ ಸೇರಿದೊಡನೆ ಮಾತುಗಳು ನಿಂತವು.

ನಮ್ಮ ಸರದಿ ಬಂದಾಗ ಜವರಣ್ಣ ಮುಚ್ಚಳ ತೆಗೆದು ಮೂಸಿದ. ಕಡ್ಡಿ ಇಳಿಬಿಟ್ಟ. ಆ ದಿನ ಕಡ್ಡಿಯತ್ತ ನೋಡಿದ. ಅದನ್ನು ಅತ್ತೆಯೂ ನೋಡಿದರು. ಆಮೇಲೆ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದುಕೊಂಡ. ಅಲ್ಲಿಗೆ ಮುಗಿಯಿತು ಅಂತ ನಾನು ಉಸಿರು ಬಿಟ್ಟೆ. ಹೆಸರು ಉಳಿದಿತ್ತು, ಅತ್ತೆ ಖಾಲಿ ಕ್ಯಾನು ಎತ್ತಿಕೊಂಡು ನಡೆದಿದ್ದರೆ ನಿನ್ನೆಯದು ಪಟ್ಟಣದ ಸೊಸೆಯ ಲೆಕ್ಕಕ್ಕೇ ಸೇರಿ, ಊರು ಅದನ್ನು ನಿಧಾನವಾಗಿ ಮರೆಯುತ್ತಿತ್ತು. ನಾನೂ ಅದಕ್ಕೆ ಸಿದ್ಧಳಾಗಿದ್ದೆ. ಅತ್ತೆ ಕ್ಯಾನನ್ನು ಕಟ್ಟೆಯ ಮೇಲಿಟ್ಟು ಸಾಲಿನತ್ತ ತಿರುಗಿದರು.

"ನೆನ್ನೆ ಹಾಲು ವಾಪಸ್ ಬಂತಲ್ಲ, ಅದು ನನ್ನ ಕೈಯಾಗೇ ಆದ ಕೆಲ್ಸ ಕಣ್ರವ್ವ. ಪೌಡ್ರುಗೆ ನೀರು ಬೆರ್ಸು, ನೀರು ಬೆರ್ಸು ಅಂತ ಈ ಮಗ ದಿನಾ ಬಡ್ಕತಿತ್ತು. ನಾನೇ ಕೇಳ್ನಿಲ್ಲ. ಬೊಗಸೆ ಬೊಗಸೆ ಆಕ್ಬುಟ್ಟೆ. ಅವ್ಳದೇನೂ ತಪ್ಪಿಲ್ಲ."

ಪಕ್ಕದಲ್ಲಿದ್ದ ನನಗೆ ಅವರ ಕೈ ಹಿಡಿದುಕೊಳ್ಳೋಣ ಅನ್ನಿಸಿತು. ಅತ್ತೆಯ ಕೈಯನ್ನು ಸೊಸೆ ಬೀದಿಯಲ್ಲಿ ಹಿಡಿಯುವ ರೂಢಿ ಅಲ್ಲಿರಲಿಲ್ಲ. ಆಗ ಸಾಲಿನಲ್ಲಿದ್ದ ಸಾಕಮ್ಮ ತನ್ನ ಕ್ಯಾನನ್ನು ನೆಲಕ್ಕಿಟ್ಟು, ಎರಡೂ ಕೈಗಳನ್ನು ದೀಪದ ಕೆಳಗೆ ಚಾಚಿದಳು. ಬೆರಳ ತುದಿಗಳೆಲ್ಲ ಬೆಳ್ಳಗಾಗಿ ಸಿಪ್ಪೆ ಎದ್ದಿದ್ದವು.

"ನಂದೂ ನೋಡಕ್ಕ," ಅಂದಳು.

ಅವಳ ಹಿಂದಿನವಳು ಸೆರಗಿನಿಂದ ಕೈ ಹೊರ ತೆಗೆದಳು. ಅವಳದೂ ಹಾಗೇ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಒಬ್ಬ ಅಜ್ಜಿ. ಬೆಳಗಿನ ಮಂಜಿನಲ್ಲಿ ಆ ದೀಪದ ಕೆಳಗೆ ಒಂದೊಂದಾಗಿ ಕೈಗಳು ಬಂದವು, ಎಲ್ಲದರ ತುದಿಯೂ ಬಿಳಿ. ಊರಿಗೆ ಊರೇ ರೋಗಕ್ಕೆ ನೆಂಟರ ಮರ್ಯಾದೆ ಮಾಡಿತ್ತು. ಯಾರ ಮನೆಯಲ್ಲೂ ನೀರು ಬೆರೆಸಿರಲಿಲ್ಲ. ಕೈ ಸುಟ್ಟದ್ದನ್ನು ಪಕ್ಕದ ಮನೆಗೂ ಹೇಳಿರಲಿಲ್ಲ. ಎಲ್ಲರೂ ಮಳೆಗಾಲದ ಮೇಲೆ ಹಾಕಿ ಸುಮ್ಮನಿದ್ದರು. ಜವರಣ್ಣ ತನ್ನ ಕೈಗಳನ್ನು ಮೆಲ್ಲಗೆ ಟವೆಲಿನ ಅಡಿಗೆ ಸೇರಿಸಿದ್ದನ್ನು ನಾನೊಬ್ಬಳೇ ಕಂಡೆ.

ಅಜ್ಜಿ ನನ್ನ ಕಡೆ ತಿರುಗಿ, ಹಾಗಾದರೆ ಎಷ್ಟು ನೀರು ಹೊಯ್ಯಬೇಕು ಅಂತ ಕೇಳಿತು. ಸಾಲಿಗೆ ಸಾಲೇ ನನ್ನ ಬಾಯಿ ನೋಡಿತು. ನನ್ನ ಡಿಗ್ರಿಗೆ ಆ ಊರಿನಲ್ಲಿ ಕೊನೆಗೂ ಒಂದು ಗಳಿಗೆ ಬಂತು ಅಂತ ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅತ್ತೆ ಹೇಳಿಯೇಬಿಟ್ಟಿದ್ದರು.

"ಒಂದ್ ಬಕೇಟ್ ನೀರ್ಗೆ ಒಂದೇ ಚಮಚ. ಆಮೇಕೆ ಒಳ್ಳೆ ನೀರಲ್ಲಿ ಚೆನ್ನಾಗಿ ತೊಳ್ದುಬುಡಿ. ನಾಚ್ಕಬ್ಯಾಡಿ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆ ಊರಿನಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ನೀರು ಬೆರೆಸಲು ನಾಚಿಕೊಳ್ಳಬೇಡ ಅಂತ ಹೇಳಿದ್ದು, ಅದೂ ಡೈರಿಯ ಕಟ್ಟೆಯ ಮುಂದೆ, ಬಹುಶಃ ಅದೇ ಮೊದಲು. ವಾಂತಿಭೇದಿ ನಮ್ಮೂರಿಗೆ ಬರಲಿಲ್ಲ. ಅದಕ್ಕೆ ಪುಡಿ ಕಾರಣವೋ, ಕುದಿಸಿದ ನೀರು ಕಾರಣವೋ, ಅದೃಷ್ಟವೋ ನನಗೆ ಗೊತ್ತಿಲ್ಲ.

ಹಿಂದಿನ ದಿನವೆಲ್ಲ ನಾನು ಆ ಒಂದು ನಿಜಕ್ಕೆ ಎಷ್ಟು ನೀರು ಸೇರಿಸಿದರೆ ಊರು ಸಹಿಸಿಕೊಳ್ಳಬಹುದು ಅಂತ ಲೆಕ್ಕ ಹಾಕುತ್ತ ಕೂತಿದ್ದೆ. ಅತ್ತೆ ಅದನ್ನು ಹಾಗೇ ತಂದು ಸುರಿದರು. ಒಂದು ಚಮಚದಷ್ಟೇ ಇತ್ತು. ಊರಿಗೆಲ್ಲ ಸಾಕಾಯಿತು.